ಅಕ್ಟೋಬರ್ 3ರ ಸಂಜೆ: ಸಂತ ಫ್ರಾನ್ಸಿಸರ ಟ್ರಾನ್ಸಿಟಸ್ ಪ್ರಾರ್ಥನೆಯನ್ನು ಶ್ರೀಸಾಮಾನ್ಯರೇ ನಡೆಸುವ ಬಗೆ

ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಅಕ್ಟೋಬರ್ 4ಕ್ಕೆ. ಆದರೆ ಅವರ ಹಾದಿ ಹಿಡಿದ ಫ್ರಾನ್ಸಿಸ್ಕನ್ ಕುಟುಂಬದವರು ಹಿಂದಿನ ದಿನ ಸಂಜೆಯೇ ಸೇರುತ್ತಾರೆ. 1226ರ ಅಕ್ಟೋಬರ್ 3ರಂದು ಕತ್ತಲಾಗುವ ಹೊತ್ತಿಗೆ, ಅಸ್ಸಿಸಿ ಊರಿನ ಕೆಳಗಿನ ಬಯಲಿನಲ್ಲಿ, ಪೋರ್ಸಿಯುಂಕುಲ ಎಂಬ ಪುಟ್ಟ ಚರ್ಚಿನ ಪಕ್ಕದಲ್ಲಿ ಅವರು ಕಣ್ಣು ಮುಚ್ಚಿದರು. ಆಗ ಅವರಿಗೆ ನಲವತ್ತನಾಲ್ಕರ ಆಸುಪಾಸು. ಆ ಕಾಲದ ಲೆಕ್ಕದಲ್ಲಿ ಸೂರ್ಯ ಮುಳುಗಿದರೆ ಮರುದಿನ ಶುರುವಾದ ಹಾಗೆ. ಅದಕ್ಕೇ ಹಬ್ಬ 4ಕ್ಕೆ ಬಂತು, ನೆನಪಿನ ಪ್ರಾರ್ಥನೆ 3ರ ಸಂಜೆಗೆ ಉಳಿಯಿತು. ಈ ಪ್ರಾರ್ಥನೆಯನ್ನೇ ಟ್ರಾನ್ಸಿಟಸ್ ಅನ್ನುತ್ತಾರೆ.

ಇದು ಬಲಿಪೂಜೆಯಲ್ಲ, ಸಂಸ್ಕಾರವೂ ಅಲ್ಲ. ಗುರುಗಳೇ ನಡೆಸಬೇಕು ಅಂತೇನೂ ಇಲ್ಲ. ಫ್ರಾನ್ಸಿಸರೇ ಗುರುಪಟ್ಟ ಪಡೆದವರಲ್ಲ, ಕೊನೆಯವರೆಗೂ ಡೀಕನ್, ಅಂದರೆ ಗುರುಪಟ್ಟಕ್ಕಿಂತ ಕೆಳಗಿನ ಹಂತದ ಸೇವಕ, ಆಗಿದ್ದವರು. ಮನೆ, ಮದುವೆ, ಕೆಲಸ ಬಿಡದೆ ಶುಭಸಂದೇಶದಂತೆ ಬಾಳಬೇಕು ಎಂದು ಕೇಳಿಕೊಂಡು ಬಂದವರನ್ನು ಅವರು ವಾಪಸ್ ಕಳಿಸಲಿಲ್ಲ. ಅವರಿಗಾಗಿ 1221ರಲ್ಲೇ ಒಂದು ಬದುಕಿನ ಕ್ರಮ ತಯಾರಾಯಿತು. ಮೂರನೇ ಸಭೆ ಎಂದು ಹೆಸರಾದದ್ದು ಅದೇ. 1289ರಲ್ಲಿ ನಾಲ್ಕನೇ ನಿಕೋಲಾಸ್ ಪೋಪರು ಅದಕ್ಕೆ ನಿಯಮ ಕೊಟ್ಟರು. ಈಗ ಚಾಲ್ತಿಯಲ್ಲಿರುವ ನಿಯಮ 1978ರದ್ದು, ಆರನೇ ಪೌಲ್ ಪೋಪರು ಒಪ್ಪಿಗೆ ಕೊಟ್ಟದ್ದು. ಹಾಗಾಗಿ ಈ ಸಂಜೆಯನ್ನು ಶ್ರೀಸಾಮಾನ್ಯರು, ಅಂದರೆ ಗುರುಪಟ್ಟ ಇಲ್ಲದ ವಿಶ್ವಾಸಿಗಳು, ಮುಂದೆ ನಿಂತು ನಡೆಸಿದರೆ ಅದು ಯಾರ ಜಾಗವನ್ನೂ ಕಸಿದ ಹಾಗಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಂಜೆಗಾಗಿ ನೀವು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಏನು ಓದಬೇಕು, ಏನು ಹಾಡಬೇಕು, ತನ್ನನ್ನು ಎಲ್ಲಿ ಮಲಗಿಸಬೇಕು ಎಂದು ಫ್ರಾನ್ಸಿಸರೇ ಹೇಳಿ ಹೋಗಿದ್ದಾರೆ. ಆ ಜಾಡು ಹಿಡಿದು ಹೋದರೆ ಸಾಕು. ಟ್ರಾನ್ಸಿಟಸ್ ಕೆಡುವುದು ಸಾಮಾನ್ಯವಾಗಿ ನಾವು ಸೇರಿಸಿದ್ದರಿಂದ.

ಒಂದು ತಿಂಗಳ ಮೊದಲು

ಮೊದಲ ಕೆಲಸ ಧರ್ಮಕೇಂದ್ರದ ಗುರುಗಳ ಜೊತೆ ಮಾತಾಡುವುದು. ಕೇಳಬೇಕಾದದ್ದು ನಾಲ್ಕು ವಿಷಯ: ಜಾಗ, ಹೊತ್ತು, ದೀಪ ಆರಿಸಬಹುದೇ, ಅವರು ಬರುತ್ತಾರೆಯೇ. ಬರುವುದಾದರೆ ಕೊನೆಯ ಆಶೀರ್ವಾದ, ಆಮೇಲೆ ಹಂಚುವ ರೊಟ್ಟಿಯ ಆಶೀರ್ವಾದ ಅವರದ್ದು. ಬರಲಾಗದಿದ್ದರೂ ಪ್ರಾರ್ಥನೆ ನಿಲ್ಲುವುದಿಲ್ಲ. ಈ ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಕ್ರಮದ ಹಾಳೆಯನ್ನು ಅದಕ್ಕೆ ತಕ್ಕಂತೆ ಬರೆಯಬಹುದು.

ವಾರ ನೋಡಿಕೊಳ್ಳಿ. ಅಕ್ಟೋಬರ್ 3 ಶನಿವಾರ ಬಂದರೆ ಸಂಜೆಯ ಭಾನುವಾರದ ಪೂಜೆಯ ಜೊತೆ ಡಿಕ್ಕಿ ಹೊಡೆಯುತ್ತದೆ. 2026ರಲ್ಲಿ ಆಗುವುದು ಅದೇ. ಫ್ರಾನ್ಸಿಸರು ತೀರಿಕೊಂಡ ದಿನವೂ ಶನಿವಾರವೇ ಆಗಿತ್ತು, ಮತ್ತು 2026ಕ್ಕೆ ಅವರು ತೀರಿಕೊಂಡು ಸರಿಯಾಗಿ 800 ವರ್ಷ. ಜನ ಜಾಸ್ತಿ ಬರುವ ವರ್ಷ, ಜಾಗ ಸಿಗುವುದು ಕಷ್ಟದ ವರ್ಷ. ಅದೂ ಅಲ್ಲದೆ ಆ ಸಲ 4ನೇ ತಾರೀಖು ಭಾನುವಾರ. ಫ್ರಾನ್ಸಿಸ್ಕನ್ ಸಭೆಯ ಚರ್ಚುಗಳಲ್ಲಿ ಸ್ಥಾಪಕರ ಮಹೋತ್ಸವಕ್ಕೆ ಸಾಧಾರಣ ಕಾಲದ ಭಾನುವಾರಕ್ಕಿಂತ ಮೇಲಿನ ಸ್ಥಾನ ಇದೆ, ಅಲ್ಲಿ ಹಬ್ಬದ ಪೂಜೆಯೇ ನಡೆಯುತ್ತದೆ. ಉಳಿದ ಧರ್ಮಕೇಂದ್ರಗಳಲ್ಲಿ ಭಾನುವಾರದ ಪೂಜೆ ನಡೆಯುತ್ತದೆ, ಫ್ರಾನ್ಸಿಸರ ಹೆಸರು ಬಂದರೂ ಹಾಗೇ ಹಾದು ಹೋಗಬಹುದು. ಅಂಥ ಕಡೆ ಅವರ ನೆನಪಿಗೆ ಸಿಗುವ ಹೊತ್ತು ಶನಿವಾರದ ಸಂಜೆ ಮಾತ್ರ. ಸಂಜೆಯ ಪೂಜೆ ಮುಗಿದು ಅರ್ಧ ಗಂಟೆಗೆ ಶುರು ಮಾಡಿ. ಕತ್ತಲಾಗಿರಬೇಕು, ಅದು ಮುಖ್ಯ.

ಒಟ್ಟು ಹೊತ್ತು ಐವತ್ತು ನಿಮಿಷ. ಒಂದು ಗಂಟೆ ದಾಟಿದರೆ ವಯಸ್ಸಾದವರಿಗೂ ಮಕ್ಕಳಿಗೂ ಕಷ್ಟ.

ಯಾರು ಏನು ಮಾಡಬೇಕು

ಐದು ಜನ ಬೇಕು. ಪ್ರಾರ್ಥನೆ ಮುನ್ನಡೆಸುವವರು ಒಬ್ಬರು, ಫ್ರಾನ್ಸಿಸರ ಕೊನೆಯ ದಿನಗಳ ಕಥನ ಓದುವವರು ಇಬ್ಬರು, ಶುಭಸಂದೇಶ ಓದುವವರು ಒಬ್ಬರು, ದೀಪ ನೋಡಿಕೊಳ್ಳುವವರು ಒಬ್ಬರು. ಹಾಡಿನವರು ಬೇರೆ. ಶ್ರೀಸಾಮಾನ್ಯ ಫ್ರಾನ್ಸಿಸ್ಕನ್ ಫ್ರಟರ್ನಿಟಿ (ಮೂರನೇ ಸಭೆಯ ಸ್ಥಳೀಯ ಗುಂಪು) ಇದ್ದ ಕಡೆ ಅದರ ಮಿನಿಸ್ಟರ್, ಅಂದರೆ ಮುಖ್ಯಸ್ಥರು, ಮುನ್ನಡೆಸುವುದು ಸಹಜ. ಇಲ್ಲದಿದ್ದರೆ ನಿಧಾನವಾಗಿ ಓದಬಲ್ಲ ಯಾರಾದರೂ ಸರಿ. ಪದವಿಗಿಂತ ದನಿ ಮುಖ್ಯ.

ಮುನ್ನಡೆಸುವ ಶ್ರೀಸಾಮಾನ್ಯರಿಗೆ ಚರ್ಚಿನ ಪದ್ಧತಿಯಲ್ಲಿ ಒಂದು ಸ್ಪಷ್ಟ ಗೆರೆ ಇದೆ. ಅವರು ಎಲ್ಲರಂತೆ ಒಬ್ಬರು. ಬಲಿಪೀಠದ ಆವರಣದೊಳಗೆ ಹೋಗಿ ಕೂರುವುದಿಲ್ಲ. "ಪ್ರಭು ನಿಮ್ಮೊಂದಿಗಿರಲಿ" ಎಂದು ಗುರುಗಳಂತೆ ವಂದಿಸುವುದಿಲ್ಲ. ಜನರ ಕಡೆ ಕೈ ಚಾಚಿ ಆಶೀರ್ವದಿಸುವುದಿಲ್ಲ. ಕುರ್ಚಿಯನ್ನು ಜನರ ಸಾಲಿನಲ್ಲೇ ಹಾಕಿ. ಕೊನೆಯಲ್ಲಿ "ಪ್ರಭು ನಿಮ್ಮನ್ನು ಆಶೀರ್ವದಿಸಲಿ" ಅನ್ನುವ ಬದಲು "ಪ್ರಭು ನಮ್ಮನ್ನು ಆಶೀರ್ವದಿಸಲಿ" ಎಂದು ಹೇಳಿ ತಾವೂ ಎಲ್ಲರ ಜೊತೆ ಶಿಲುಬೆ ಗುರುತು ಹಾಕಿಕೊಳ್ಳಬೇಕು. ತನ್ನನ್ನು ಕಿರಿಯ ಸಹೋದರ ಎಂದು ಕರೆದುಕೊಂಡವರ ನೆನಪಿನ ಸಂಜೆಗೆ ಈ ನಿಯಮ ಚೆನ್ನಾಗಿಯೇ ಹೊಂದುತ್ತದೆ ಅಲ್ವಾ?

ಎರಡು ದಿನ ಮೊದಲು ಒಮ್ಮೆ ಎಲ್ಲರೂ ಅದೇ ಜಾಗದಲ್ಲಿ, ಅದೇ ಮೈಕಿನಲ್ಲಿ, ದೀಪ ಆರಿಸಿ ಓದಿ ನೋಡಿ. ಹಗಲಲ್ಲಿ ಸಲೀಸಾಗಿ ಓದುವವರು ಕತ್ತಲಲ್ಲಿ ತಡವರಿಸುತ್ತಾರೆ. ಓದುವವರ ಹಾಳೆ ದೊಡ್ಡ ಅಕ್ಷರದಲ್ಲಿರಲಿ, ಪ್ರತಿ ಓದುಗರಿಗೂ ಒಂದೊಂದು ಪುಟ್ಟ ಟಾರ್ಚ್ ಇರಲಿ. ಮೊಬೈಲ್ ಬೆಳಕು ಬೇಡ. ಮುಖ ನೀಲಿಯಾಗಿ ಕಾಣುತ್ತದೆ, ನಡುವೆ ಯಾರದ್ದೋ ಕರೆ ಬರುತ್ತದೆ.

ಜಾಗದ ತಯಾರಿ

ಜನರ ಸಾಲಿನ ಮುಂದೆ, ನೆಲದ ಮೇಲೆ, ಒಂದು ಕಂದು ಬಟ್ಟೆ ಹಾಸಿ. ಅದರ ಹತ್ತಿರ ಶಿಲುಬೆ. ಸಾನ್ ದಾಮಿಯಾನೊ ಶಿಲುಬೆಯ ಪ್ರತಿ ಸಿಕ್ಕರೆ ಒಳ್ಳೆಯದು. ಫ್ರಾನ್ಸಿಸರು ತರುಣರಾಗಿದ್ದಾಗ ಪಾಳುಬಿದ್ದ ಚರ್ಚಿನಲ್ಲಿ ಅದರ ಮುಂದೆ ಮಂಡಿಯೂರಿದ್ದರು. ಪಕ್ಕದಲ್ಲಿ ತೆರೆದ ಬೈಬಲ್, ಒಂದು ದೊಡ್ಡ ಮೇಣದಬತ್ತಿ, ಸ್ವಲ್ಪ ದೂರದಲ್ಲಿ ಸಣ್ಣ ಮೇಜಿನ ಮೇಲೆ ರೊಟ್ಟಿ. ಇಷ್ಟೇ. ಫ್ರಾನ್ಸಿಸರ ಪ್ರತಿಮೆ ಇದ್ದರೆ ಬದಿಯಲ್ಲಿರಲಿ, ನಡುವಿನ ಜಾಗ ಶಿಲುಬೆಗೆ. ನಾವು ಸಂತರಿಗೆ ಗೌರವ ಸಲ್ಲಿಸುತ್ತೇವೆ, ಆರಾಧಿಸುವುದು ದೇವರನ್ನು. ಇದನ್ನು ಮೈಕಿನಲ್ಲಿ ವಿವರಿಸುವುದಕ್ಕಿಂತ ವಸ್ತುಗಳನ್ನು ಇಟ್ಟ ರೀತಿಯಲ್ಲೇ ತೋರಿಸಿ.

ಅವರ ಪವಿತ್ರ ಅವಶೇಷ ಇದ್ದು, ಅದಕ್ಕೆ ಸರಿಯಾದ ದೃಢೀಕರಣ ಪತ್ರ ಇದ್ದರೆ ಇಡಬಹುದು. ಪತ್ರ ಇಲ್ಲದ್ದನ್ನು ಇಡಬೇಡಿ. ಹಣ ಕೊಟ್ಟು ಕೊಳ್ಳುವ ಮಾತಂತೂ ಬೇಡವೇ ಬೇಡ, ಪವಿತ್ರ ಅವಶೇಷಗಳ ಮಾರಾಟವನ್ನು ಚರ್ಚಿನ ಕಾನೂನು ಖಡಾಖಂಡಿತವಾಗಿ ನಿಷೇಧಿಸಿದೆ.

ಜನರ ಕೈಗೆ ಮೇಣದಬತ್ತಿ ಕೊಡುವುದಾದರೆ ಕರಗಿದ ಮೇಣ ಬೀಳದಂತೆ ರಟ್ಟಿನ ಬಿಲ್ಲೆ ಹಾಕಿ ಕೊಡಿ. ಒಂದು ಬಕೆಟ್ ಮರಳು ಹತ್ತಿರ ಇರಲಿ. ಮೆಟ್ಟಿಲು ಇರುವ ಕಡೆ ಒಂದು ಮಂಕು ದೀಪ ಆರಿಸದೇ ಬಿಡಿ. ಉರಿಯುವ ಬತ್ತಿಯನ್ನು ಓರೆ ಮಾಡಬಾರದು, ಆರಿದ ಬತ್ತಿಯನ್ನು ಓರೆ ಮಾಡಿ ಹೊತ್ತಿಸಿಕೊಳ್ಳಬೇಕು. ಇಷ್ಟು ಹೇಳಿದರೆ ನೆಲದ ಮೇಲೆ ಮೇಣ ಅರ್ಧಕ್ಕರ್ಧ ಕಡಿಮೆ ಬೀಳುತ್ತದೆ.

ಪ್ರಾರ್ಥನೆಯ ಕ್ರಮ

ಹಳೆಯ ಜೀವನಚರಿತ್ರೆಗಳಲ್ಲಿ ಕೊನೆಯ ದಿನಗಳ ಘಟನೆಗಳು ಒಂದೇ ಅನುಕ್ರಮದಲ್ಲಿಲ್ಲ. ಚೆಲಾನೊದ ಥಾಮಸ್ ಬರೆದದ್ದು ಒಂದು ರೀತಿ, ಸಂತ ಬೊನವೆಂಚರ್ ಬರೆದದ್ದು ಇನ್ನೊಂದು ರೀತಿ. ಕೆಳಗಿನ ಕ್ರಮ ಪ್ರಾರ್ಥನೆಗೆ ಅನುಕೂಲವಾಗುವಂತೆ ಜೋಡಿಸಿದ್ದು.

ಮೌನದಲ್ಲಿ ಶುರು ಮಾಡಿ. ಸ್ವಾಗತ ಭಾಷಣ, ಪ್ರಕಟಣೆ ಯಾವುದೂ ಬೇಡ. ಹೇಳಬೇಕಾದದ್ದನ್ನು ಬಾಗಿಲಲ್ಲೇ ಹಾಳೆಯಲ್ಲಿ ಕೊಟ್ಟುಬಿಡಿ. ದೊಡ್ಡ ದೀಪಗಳು ಆರುತ್ತವೆ, ನೆಲದ ಮೇಲಿನ ಮೇಣದಬತ್ತಿ ಉರಿಯುತ್ತಿರುತ್ತದೆ. ಶಿಲುಬೆ ಗುರುತಿನ ನಂತರ, ಫ್ರಾನ್ಸಿಸರು ತಮ್ಮ ಕೊನೆಯ ಒಡಂಬಡಿಕೆ ಪತ್ರದಲ್ಲಿ ನೆನಪಿಸಿಕೊಂಡ ಪುಟ್ಟ ಪ್ರಾರ್ಥನೆ. ಲೋಕದ ಎಲ್ಲ ಚರ್ಚುಗಳಲ್ಲಿಯೂ ಕ್ರಿಸ್ತರನ್ನು ಆರಾಧಿಸಿ, ಪವಿತ್ರ ಶಿಲುಬೆಯಿಂದ ಲೋಕವನ್ನು ರಕ್ಷಿಸಿದ್ದಕ್ಕಾಗಿ ಸ್ತುತಿಸುವ ಪ್ರಾರ್ಥನೆ ಅದು. ಶಿಲುಬೆ ಹಾದಿಯಲ್ಲಿ ಪ್ರತಿ ನಿಲುಗಡೆಗೂ ಹೇಳುವ ಮಾತಿಗೆ ಬಹಳ ಹತ್ತಿರದ್ದು. ಹಾಗಾಗಿ ಎಲ್ಲರೂ ಹಾಳೆ ನೋಡದೇ ಜೊತೆಗೂಡುತ್ತಾರೆ.

ಮೊದಲ ಕಥನ ಕಾಯಿಲೆಯದ್ದು. ಚಿಕ್ಕದಾಗಿರಲಿ. ಎರಡು ವರ್ಷ ಹಿಂದೆ, 1224ರಲ್ಲಿ, ಲಾ ವೆರ್ನ ಬೆಟ್ಟದಲ್ಲಿ ಅವರ ಮೈಮೇಲೆ ಶಿಲುಬೆಯ ಮೇಲಿನ ಕ್ರಿಸ್ತರ ಪಂಚಗಾಯಗಳು ಮೂಡಿದವು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಅಸ್ಸಿಸಿಯ ಧರ್ಮಾಧ್ಯಕ್ಷರ ಮನೆಯಲ್ಲಿ ಮಲಗಿದ್ದವರು ತನ್ನನ್ನು ಪೋರ್ಸಿಯುಂಕುಲಕ್ಕೆ ಹೊತ್ತುಕೊಂಡು ಹೋಗಿ ಎಂದು ಕೇಳಿಕೊಂಡರು. ದಾರಿಯಲ್ಲಿ ಹೊತ್ತವರನ್ನು ನಿಲ್ಲಿಸಿ, ಸರಿಯಾಗಿ ಕಾಣದ ಕಣ್ಣಿನಿಂದಲೇ ತಮ್ಮ ಊರಿನ ಕಡೆ ತಿರುಗಿ ಅದನ್ನು ಆಶೀರ್ವದಿಸಿದರು. ಇಷ್ಟು ಓದಿದ ಮೇಲೆ ನಾವಿರುವ ಊರಿಗಾಗಿ ಒಂದು ನಿಮಿಷ ಎಲ್ಲರೂ ಮೌನವಾಗಿ ಪ್ರಾರ್ಥಿಸಬಹುದು.

ಆಮೇಲೆ ಹಾಡು. ಸೂರ್ಯ ಸಹೋದರನ ಗೀತೆಯನ್ನು ಅವರು ಕಾಯಿಲೆಯ ಆ ದಿನಗಳಲ್ಲೇ, ಜನರಾಡುವ ಅಂಬ್ರಿಯದ ಭಾಷೆಯಲ್ಲಿ ಕಟ್ಟಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಪರಿಸರದ ಬಗ್ಗೆ ಹೊರಡಿಸಿದ ವಿಶ್ವಪತ್ರದ ಹೆಸರು "ಲೌದಾತೊ ಸಿ" ಬಂದದ್ದು ಈ ಹಾಡಿನಿಂದ. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರದ ಅಧಿಕಾರಿಗೂ ಜಗಳ ಹತ್ತಿದಾಗ ಫ್ರಾನ್ಸಿಸರು ಕ್ಷಮೆಯ ಬಗ್ಗೆ ಒಂದು ನುಡಿ ಸೇರಿಸಿ, ಇಬ್ಬರ ಎದುರೂ ಹಾಡಿಸಿ ರಾಜಿ ಮಾಡಿಸಿದರು. ಕೊನೆಗೆ, ಇನ್ನು ಹೆಚ್ಚು ದಿನ ಇಲ್ಲ ಎಂದು ವೈದ್ಯರು ಹೇಳಿದಾಗ, "ಬಾ, ನನ್ನ ಸೋದರಿ ಮರಣವೇ" ಎಂದು ಸ್ವಾಗತಿಸಿದರು. ಮರಣದ ನುಡಿ ಸೇರಿದ್ದು ಆಗಲೇ. ಹಾಡು ಪೂರ್ತಿ ಉದ್ದ ಇದೆ. ನನ್ನ ಸಲಹೆ: ಸೂರ್ಯ, ನೀರು, ನೆಲ ಮುಂತಾದ ನುಡಿಗಳನ್ನು ಒಬ್ಬರು ಓದಲಿ, ಪ್ರತಿ ನುಡಿಗೂ ಜನರು "ನನ್ನ ಪ್ರಭುವೇ, ನಿಮಗೆ ಸ್ತುತಿ" ಎಂದು ಹಾಡಲಿ. ಕ್ಷಮೆಯ ನುಡಿ ಮತ್ತು ಮರಣದ ನುಡಿ ಇವೆರಡನ್ನು ಮಾತ್ರ ಇಡಿಯಾಗಿ ಹಾಡಿ. ರಾಗ ಗೊತ್ತಿಲ್ಲದಿದ್ದರೆ ಸುಮ್ನೆ ಓದಿದರೂ ಸೊಗಸು.

ಈಗ ಎರಡನೇ ಕಥನ. ಶ್ರೀಸಾಮಾನ್ಯರಿಗೆ ಇದನ್ನು ಬಿಟ್ಟರೆ ಟ್ರಾನ್ಸಿಟಸ್ ಪೂರ್ತಿಯಾಗುವುದಿಲ್ಲ ಎಂದು ನನಗನ್ನಿಸುತ್ತದೆ. ರೋಮಿನಲ್ಲಿ ಜಾಕೋಬ ದೆ ಸೆತ್ತೆಸೋಲಿ ಎಂಬ ಶ್ರೀಮಂತ ವಿಧವೆ ಇದ್ದರು, ಮಕ್ಕಳೊಂದಿಗರು, ಫ್ರಾನ್ಸಿಸರಿಗೆ ಬಹಳ ಬೇಕಾದವರು. ತನ್ನ ಕೊನೆಗಾಲ ಬಂತು, ಬೇಗ ಬನ್ನಿ ಎಂದು ಫ್ರಾನ್ಸಿಸರು ಅವರಿಗೆ ಕಾಗದ ಬರೆಸಿದರು. ಮೂರು ವಸ್ತು ತರಲು ಹೇಳಿದರು: ಮೈಗೆ ಸುತ್ತಲು ಬೂದು ಬಣ್ಣದ ಬಟ್ಟೆ, ಅಂತ್ಯಕ್ರಿಯೆಗೆ ಮೇಣ, ಮತ್ತೆ ರೋಮಿನಲ್ಲಿ ತಾನು ಕಾಯಿಲೆ ಬಿದ್ದಾಗ ಅವರು ಮಾಡಿಕೊಡುತ್ತಿದ್ದ ಬಾದಾಮಿಯ ಸಿಹಿ. ಕಾಗದ ಹೊರಡುವ ಮೊದಲೇ ಬಾಗಿಲಲ್ಲಿ ಕುದುರೆಗಳ ಸದ್ದು. ಜಾಕೋಬ ಬಂದಿದ್ದರು, ಬೇಕಾದದ್ದನ್ನೆಲ್ಲ ತಂದಿದ್ದರು. ಫ್ರಾನ್ಸಿಸರ ಸಭೆಯ ಸಹೋದರರ ಮನೆಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. "ಸಹೋದರ ಜಾಕೋಬ"ರಿಗೆ ಆ ನಿಯಮ ಇಲ್ಲ ಎಂದರು ಫ್ರಾನ್ಸಿಸರು. ಈಗಲೂ ಅಸ್ಸಿಸಿಯ ಬಸಿಲಿಕದಲ್ಲಿ ಅವರ ಸಮಾಧಿ ಫ್ರಾನ್ಸಿಸರ ಸಮಾಧಿಯ ಹತ್ತಿರವೇ ಇದೆ.

ಈ ಕಥನ ಓದುವಾಗ ಫ್ರಟರ್ನಿಟಿಯ ಮೂವರು ಎದ್ದು ಬಂದು ಮಡಿಸಿದ ಬಟ್ಟೆ, ಆರಿದ ಮೇಣದಬತ್ತಿ, ಸಿಹಿಯ ತಟ್ಟೆ ಇವುಗಳನ್ನು ನೆಲದ ಮೇಲಿನ ಬಟ್ಟೆಯ ಪಕ್ಕ ಇಟ್ಟು ಹೋಗಲಿ. ಮಾತಿಲ್ಲ, ಅಭಿನಯವಿಲ್ಲ, ವೇಷವಿಲ್ಲ. ಇಟ್ಟು ಹೋಗುವುದು, ಅಷ್ಟೆ. ಸಾಧ್ಯವಾದರೆ ಅವರಲ್ಲಿ ಒಬ್ಬರು ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಾಗಿರಲಿ.

ಮೂರನೇ ಕಥನ ಕ್ಷಮೆಯದ್ದು. ಎದುರಿಗಿದ್ದ ಸಹೋದರರನ್ನೂ ಎದುರಿಗಿಲ್ಲದವರನ್ನೂ ಫ್ರಾನ್ಸಿಸರು ಕ್ಷಮಿಸಿ ಆಶೀರ್ವದಿಸಿದರು. ಇಲ್ಲಿ ಜನರಿಗೆ ಎರಡು ನಿಮಿಷ ಕೊಡಿ. ಫ್ರಟರ್ನಿಟಿ ಅಂದ ಮೇಲೆ ಮುನಿಸು ಇದ್ದೇ ಇರುತ್ತದೆ. ಲೆಕ್ಕದ ವಿಷಯಕ್ಕೆ, ಚುನಾವಣೆಯ ವಿಷಯಕ್ಕೆ, ಯಾರನ್ನೋ ಕರೆಯಲಿಲ್ಲ ಅನ್ನುವುದಕ್ಕೆ. ಎದ್ದು ಹೋಗಿ ಕೈ ಹಿಡಿದು ಕ್ಷಮೆ ಕೇಳಿ ಎಂದು ಬಲವಂತ ಮಾಡಬೇಡಿ. ಎಲ್ಲರ ಮುಂದೆ ಒತ್ತಾಯದಿಂದ ಆದ ರಾಜಿ ಬಾಗಿಲು ದಾಟುವಷ್ಟರಲ್ಲಿ ಮುರಿಯುತ್ತದೆ. "ನಾವು ಕ್ಷಮಿಸಬೇಕಾದ ಒಬ್ಬರ ಹೆಸರನ್ನು ಮನಸ್ಸಿನಲ್ಲೇ ದೇವರ ಮುಂದೆ ಹೇಳೋಣ" ಎಂದಷ್ಟೇ ಹೇಳಿ ಸುಮ್ಮನಾಗಿ.

ನಾಲ್ಕನೇ ಕಥನ ಬರಿನೆಲದ್ದು. ಮೈಮೇಲಿನ ಬಟ್ಟೆ ತೆಗೆದು ತನ್ನನ್ನು ಬರಿನೆಲದ ಮೇಲೆ ಮಲಗಿಸಿ ಎಂದು ಫ್ರಾನ್ಸಿಸರು ಹೇಳಿದರು. ಮಲಗಿ, ಬಲಪಕ್ಕೆಯ ಗಾಯ ಯಾರಿಗೂ ಕಾಣದ ಹಾಗೆ ಎಡಗೈಯಿಂದ ಮುಚ್ಚಿಕೊಂಡರು. "ನನ್ನ ಪಾಲಿನದ್ದನ್ನು ನಾನು ಮಾಡಿದ್ದೇನೆ, ನಿಮ್ಮ ಪಾಲಿನದ್ದನ್ನು ಕ್ರಿಸ್ತರು ನಿಮಗೆ ಕಲಿಸಲಿ" ಎಂದರು. ಅವರ ಹೊಣೆ ಹೊತ್ತಿದ್ದ ಸಹೋದರರು ಒಂದು ನಿಲುವಂಗಿ ತಂದು, ಇದು ನಿಮ್ಮದಲ್ಲ, ಸಾಲವಾಗಿ ಕೊಟ್ಟದ್ದು, ವಿಧೇಯತೆಯಿಂದ ತೊಟ್ಟುಕೊಳ್ಳಿ ಎಂದರು. ಸಾಲದ ಬಟ್ಟೆ ಎಂದಾಗ ಫ್ರಾನ್ಸಿಸರಿಗೆ ಖುಷಿಯಾಯಿತು. ಸಾಯುವಾಗಲೂ ತನ್ನದೆಂಬ ಬಟ್ಟೆ ಇರಲಿಲ್ಲವಲ್ಲ! ಓದಿದ ಮೇಲೆ, ಆಗುವವರು ನೆಲದ ಮೇಲೆ ಕೂತುಕೊಳ್ಳಬಹುದು ಎಂದು ಹೇಳಿ. ಮಂಡಿನೋವಿನವರು ಕುರ್ಚಿಯಲ್ಲೇ ಇರಲಿ, ಇದನ್ನು ಮೊದಲೇ ಹೇಳದಿದ್ದರೆ ಪಾಪ, ಅವರೂ ಕಷ್ಟಪಟ್ಟು ಕೂರಲು ಹೋಗುತ್ತಾರೆ.

ಈಗ ಶುಭಸಂದೇಶ. ಫ್ರಾನ್ಸಿಸರು ಕೇಳಿ ಓದಿಸಿಕೊಂಡದ್ದು ಯೊವಾನ್ನರ ಶುಭಸಂದೇಶದಲ್ಲಿ ಪಾಸ್ಕ ಹಬ್ಬಕ್ಕೆ ಮುಂಚಿನ ಭಾಗ, ಯೇಸುಸ್ವಾಮಿ ತಮ್ಮ ಗಳಿಗೆ ಬಂತೆಂದು ತಿಳಿದ ಜಾಗ. 13ನೇ ಅಧ್ಯಾಯದ 1ರಿಂದ 17ರವರೆಗೆ ಓದಿ, ಪಾದ ತೊಳೆಯುವ ಪ್ರಸಂಗ ಅದರಲ್ಲೇ ಬರುತ್ತದೆ. ಪೂಜೆಯಲ್ಲಲ್ಲದ ಪ್ರಾರ್ಥನೆಯಾದ್ದರಿಂದ ಶ್ರೀಸಾಮಾನ್ಯರು ಓದಬಹುದು. ಗುರುಗಳಿದ್ದರೆ ಅವರೇ ಓದಿ ಐದು ನಿಮಿಷ ಮಾತಾಡಲಿ. ಐದೇ. ಇಲ್ಲದಿದ್ದರೆ ಪ್ರಬೋಧನೆ ಬೇಡ, ಮೌನ ಸಾಕು.

ಆಮೇಲೆ ಕೀರ್ತನೆ. ಕೊನೆಯ ಉಸಿರಿನಲ್ಲಿ ಫ್ರಾನ್ಸಿಸರೇ ಎತ್ತಿ ಹಾಡಿದ್ದು, ಪ್ರಭುವಿಗೆ ದನಿಯೆತ್ತಿ ಮೊರೆಯಿಡುವ ಕೀರ್ತನೆ. ಇಲ್ಲಿ ಒಂದು ಎಚ್ಚರ. ಹಳೆಯ ಲ್ಯಾಟಿನ್ ಬೈಬಲಿನ ಎಣಿಕೆಯಲ್ಲಿ ಇದು 141, ಈಗ ನಮ್ಮ ಕೈಯಲ್ಲಿರುವ ಬೈಬಲಿನಲ್ಲಿ 142. ಹಳೆಯ ಪ್ರಾರ್ಥನಾ ಪುಸ್ತಕ ನೋಡಿ 141 ಎಂದು ಹಾಳೆಯಲ್ಲಿ ಅಚ್ಚು ಹಾಕಿಸಿದರೆ ಬೇರೆಯೇ ಕೀರ್ತನೆ ಬಂದುಬಿಡುತ್ತದೆ. ಆ ಕೀರ್ತನೆಯೂ ಮೊರೆಯಿಂದಲೇ ಶುರುವಾಗುವುದರಿಂದ ಯಾರಿಗೂ ಗೊತ್ತಾಗುವುದೂ ಇಲ್ಲ.

ಎರಡು ಗುಂಪಾಗಿ, ಒಂದೊಂದು ವಚನವನ್ನು ಸರದಿಯಲ್ಲಿ ಹೇಳಿ. ನಿಧಾನ. ಸೆರೆಯಿಂದ ನನ್ನ ಪ್ರಾಣವನ್ನು ಬಿಡಿಸಿ ಎನ್ನುವ ಕೊನೆಯ ವಚನವನ್ನು ಎಲ್ಲರೂ ಒಟ್ಟಿಗೆ ಹೇಳಬೇಕು. ಅದು ಮುಗಿದ ಕೂಡಲೇ ದೀಪದವರು ದೊಡ್ಡ ಮೇಣದಬತ್ತಿಯನ್ನು ಆರಿಸುತ್ತಾರೆ. ಊದಬಾರದು, ಮುಚ್ಚಳದಂತಹ ಕೊಳವೆಯಿಂದ ಮುಚ್ಚಿ ಆರಿಸಬೇಕು. ಊದಿದರೆ ಹುಟ್ಟುಹಬ್ಬದ ಹಾಗಾಗುತ್ತದೆ.

ಈಗ ಮೌನ. ಫ್ರಾನ್ಸಿಸರು ಇದಕ್ಕೂ ಅಳತೆ ಕೊಟ್ಟಿದ್ದಾರೆ. ತಾನು ಸತ್ತ ಮೇಲೆ, ಒಬ್ಬರು ನಿಧಾನವಾಗಿ ಒಂದು ಮೈಲಿ ನಡೆಯುವಷ್ಟು ಹೊತ್ತು ತನ್ನನ್ನು ಹಾಗೇ ನೆಲದ ಮೇಲೆ ಬಿಡಿ ಎಂದಿದ್ದರು. ಒಂದು ಮೈಲಿ ಅಂದರೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ನಮಗೆ ಅಷ್ಟು ಆಗದು. ಆದರೆ ಮೂರು ನಿಮಿಷಕ್ಕಿಂತ ಕಡಿಮೆ ಮಾಡಬೇಡಿ. ಮುನ್ನಡೆಸುವವರು ಗಡಿಯಾರ ನೋಡಿಯೇ ಎಣಿಸಲಿ, ಯಾಕೆಂದರೆ ಕತ್ತಲಲ್ಲಿ ನಲವತ್ತು ಸೆಕೆಂಡೇ ಬಹಳ ಅನ್ನಿಸುತ್ತದೆ. ಯಾರೋ ಕೆಮ್ಮುತ್ತಾರೆ, ಮಗು ಏನೋ ಕೇಳುತ್ತದೆ. ಪರವಾಗಿಲ್ಲ. ಹಿನ್ನೆಲೆಯಲ್ಲಿ ಕೀಬೋರ್ಡ್ ನುಡಿಸಲು ಯಾರಾದರೂ ಮುಂದೆ ಬಂದರೆ ದಯವಿಟ್ಟು ತಡೆಯಿರಿ.

ಮೌನ ಮುರಿಯುವುದು ಕೊನೆಯ ಕಥನ, ಎರಡೇ ವಾಕ್ಯ. ಬೆಳಕನ್ನು ಇಷ್ಟಪಡುವ, ಮುಸ್ಸಂಜೆಗೆ ಹೆದರುವ ನೆಲಗುಬ್ಬಿಗಳ ಹಿಂಡೊಂದು ಆ ಕತ್ತಲಲ್ಲಿ ಮನೆಯ ಮೇಲೆ ಸುತ್ತುತ್ತ ಹಾಡಿತು ಎಂದು ಬೊನವೆಂಚರ್ ಬರೆದಿದ್ದಾರೆ. ಇದನ್ನು ಓದುತ್ತಿದ್ದಂತೆ ದೊಡ್ಡ ಬತ್ತಿಯನ್ನು ಮತ್ತೆ ಹೊತ್ತಿಸಿ, ಅದರಿಂದ ಜನರ ಬತ್ತಿಗಳಿಗೆ ಬೆಳಕು ಹಬ್ಬಲಿ. ಸಭೆಯ ಪದ್ಧತಿಯಲ್ಲಿ ಇಲ್ಲಿ "ಓ ಸಾಂಕ್ತಿಸ್ಸಿಮ ಆನಿಮ" ಎಂಬ ಲ್ಯಾಟಿನ್ ಹಾಡು ಬರುತ್ತದೆ. ಬಡವನೂ ದೀನನೂ ಆದ ಫ್ರಾನ್ಸಿಸ್ ಸಿರಿವಂತನಾಗಿ ಸ್ವರ್ಗ ಸೇರುತ್ತಾನೆ ಎನ್ನುವ ಹಳೆಯ ಸ್ತುತಿಯೂ ಉಂಟು. ಮೊದಲು ತೂರಿನ ಸಂತ ಮಾರ್ಟಿನರ ಬಗ್ಗೆ ಹಾಡಿದ್ದನ್ನೇ ಫ್ರಾನ್ಸಿಸರಿಗೆ ಹೊಂದಿಸಿಕೊಂಡದ್ದು ಅದು. ಲ್ಯಾಟಿನ್ ಬರದಿದ್ದರೆ ಎಲ್ಲರಿಗೂ ಬಾಯಿಪಾಠ ಇರುವ ಪುನರುತ್ಥಾನದ ಹಾಡು ಒಂದನ್ನು ಗಟ್ಟಿಯಾಗಿ ಹಾಡಿ. ಇಲ್ಲಿಂದ ಮುಂದೆ ಶೋಕದ ದನಿ ಬೇಡ.

ವಿಶ್ವಾಸಿಗಳ ಪ್ರಾರ್ಥನೆ ಐದು ಸಾಕು: ಧರ್ಮಸಭೆಗಾಗಿ, ಫ್ರಾನ್ಸಿಸ್ಕನ್ ಕುಟುಂಬಕ್ಕಾಗಿ, ಬಡವರಿಗಾಗಿ, ಸಾವಿನ ಹತ್ತಿರ ಇರುವವರಿಗಾಗಿ, ಈ ವರ್ಷ ತೀರಿಕೊಂಡ ಸದಸ್ಯರಿಗಾಗಿ. ಕೊನೆಯದರಲ್ಲಿ ಹೆಸರು ಹಿಡಿದು ಹೇಳಿ. ಆಮೇಲೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ. ಫ್ರಟರ್ನಿಟಿಯ ಸದಸ್ಯರು ತಮ್ಮ ಪ್ರತಿಜ್ಞೆಯನ್ನು ನವೀಕರಿಸುವುದಿದ್ದರೆ ಅದಕ್ಕೆ ಇದು ಜಾಗ.

ಆಶೀರ್ವಾದಕ್ಕೆ ಫ್ರಾನ್ಸಿಸರು ತಮ್ಮ ಒಡನಾಡಿ ಸಹೋದರ ಲಿಯೋ ಅವರಿಗೆ ಸ್ವಂತ ಕೈಯಿಂದ ಬರೆದುಕೊಟ್ಟದ್ದನ್ನು ಬಳಸಿ. ಆ ಚರ್ಮದ ಹಾಳೆ ಈಗಲೂ ಅಸ್ಸಿಸಿಯಲ್ಲಿದೆ. ಮಾತು ಸಂಖ್ಯಾಕಾಂಡದ 6ನೇ ಅಧ್ಯಾಯದ್ದು, 24ರಿಂದ 26ನೇ ವಚನ. ಶ್ರೀಸಾಮಾನ್ಯರು ಹೇಳುವಾಗ "ನಿನ್ನನ್ನು" ಎನ್ನುವ ಕಡೆಯೆಲ್ಲ "ನಮ್ಮನ್ನು" ಎಂದು ಮಾಡಿಕೊಳ್ಳಬೇಕು.

ರೊಟ್ಟಿಯ ವಿಷಯ

ಫ್ರಾನ್ಸಿಸರು ರೊಟ್ಟಿ ತರಿಸಿ, ಆಶೀರ್ವದಿಸಿ, ಮುರಿದು ಸಹೋದರರಿಗೆ ಹಂಚಿದರು. ಅಂದು ಗುರುವಾರ ಎಂದುಕೊಂಡು ಪ್ರಭುವಿನ ಕೊನೆಯ ಭೋಜನವನ್ನು ನೆನಪಿಸಿಕೊಂಡಿದ್ದರು. ನಾವೂ ಹಂಚಬಹುದು. ಆದರೆ ಇದು ಪರಮಪ್ರಸಾದ ಎಂದು ಒಂದು ಮಗುವಿಗೂ ಅನ್ನಿಸಬಾರದು. ಹಾಗಾಗಿ ಮನೆಯಲ್ಲಿ ತಿನ್ನುವ ಮಾಮೂಲಿ ರೊಟ್ಟಿಯೇ ಇರಲಿ. ಬಲಿಪೀಠದ ಮೇಲೆ ಇಡಬೇಡಿ, ಪೂಜೆಯ ಪಾತ್ರೆಗಳನ್ನು ಮುಟ್ಟಬೇಡಿ, ಸಾಲಾಗಿ ನಿಲ್ಲಿಸಿ ನಾಲಗೆಗೆ ಕೊಡಬೇಡಿ, ಪೂಜೆಯ ಮಾತುಗಳನ್ನು ಅನುಕರಿಸಬೇಡಿ. ಪ್ರಾರ್ಥನೆಯ ನಡುವೆ ಹಂಚುವ ಪದ್ಧತಿ ಕೆಲವು ಕಡೆ ಇದೆ. ನನಗೆ ಕೊನೆಯಲ್ಲಿ, ಬಾಗಿಲ ಹತ್ತಿರ ಕೈಗೆ ಕೊಡುವುದೇ ಸರಿ ಅನ್ನಿಸುತ್ತದೆ. ಗುರುಗಳಿಲ್ಲದಿದ್ದರೆ ಮುನ್ನಡೆಸುವವರು ಕೈಮುಗಿದು, ಈ ರೊಟ್ಟಿಯನ್ನು ಹಂಚಿಕೊಳ್ಳುವ ನಮ್ಮನ್ನು ಆಶೀರ್ವದಿಸಿ ಎಂದು ದೇವರನ್ನು ಕೇಳಿಕೊಂಡರೆ ಆಯಿತು. ಜಾಕೋಬರ ಸಿಹಿಯೂ ಅಲ್ಲೇ ಹಂಚಿಕೆಯಾಗಲಿ, ಮಕ್ಕಳು ಅದಕ್ಕೇ ಕಾಯುತ್ತಿರುತ್ತಾರೆ.

ಬೇಡವೆನ್ನಲು ಧೈರ್ಯ ಬೇಕಾದ ಕಡೆ

"ನನ್ನನ್ನು ನಿಮ್ಮ ಶಾಂತಿಯ ಸಾಧನವನ್ನಾಗಿ ಮಾಡಿ" ಪ್ರಾರ್ಥನೆಯನ್ನು ಸೇರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಡಿ, ಒಳ್ಳೆಯ ಪ್ರಾರ್ಥನೆಯೇ. ಆದರೆ ಹಾಳೆಯಲ್ಲಿ "ಸಂತ ಫ್ರಾನ್ಸಿಸರು ಬರೆದದ್ದು" ಎಂದು ಹಾಕಬೇಡಿ. ಅದು ಮೊದಲು ಕಾಣಿಸಿಕೊಂಡದ್ದು 1912ರಲ್ಲಿ ಪ್ಯಾರಿಸ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಫ್ರೆಂಚಿನಲ್ಲಿ, ಬರೆದವರ ಹೆಸರಿಲ್ಲದೆ.

ಫ್ರಾನ್ಸಿಸರ ವೇಷ ಹಾಕಿಸಿ ನೆಲದ ಮೇಲೆ ಮಲಗಿಸುವ ಆಸೆ ಯುವಕರಿಗೆ ಬರುತ್ತದೆ. ನಾಟಕ ಬೇರೆ ದಿನ ಮಾಡಲಿ. ಮಲಗಿದ ಹುಡುಗನ ಮೇಲೆ ಎಲ್ಲರ ಕಣ್ಣು ಹೋಗುತ್ತದೆ, ಅವನು ಉಸಿರಾಡುವುದು ಕಾಣುತ್ತದೆ, ಹಿಂದಿನ ಸಾಲಿನಲ್ಲಿ ನಗು ಶುರು. ಖಾಲಿ ಬಟ್ಟೆಯೇ ಹೆಚ್ಚು ಹೇಳುತ್ತದೆ. ಸನ್ಮಾನ, ಶಾಲು, ವರದಿ ವಾಚನ, ಫೋಟೋ, ಎಲ್ಲ ಮರುದಿನದ ಹಬ್ಬಕ್ಕೆ.

ಐದೇ ಜನ ಇದ್ದರೆ, ಬರಲಾಗದಿದ್ದರೆ

ಮನೆಯಲ್ಲೂ ಆಗುತ್ತದೆ. ಒಂದು ಮೇಣದಬತ್ತಿ, ಬೈಬಲ್, ಶಿಲುಬೆ. ಮರಣದ ನುಡಿ ಓದಿ, ಯೊವಾನ್ನ 13 ಓದಿ, ಕೀರ್ತನೆ 142 ಹೇಳಿ, ದೀಪ ಆರಿಸಿ, ಸುಮ್ಮನಿದ್ದು, ಮತ್ತೆ ಹೊತ್ತಿಸಿ, ಪರಸ್ಪರ ರೊಟ್ಟಿ ಹಂಚಿಕೊಳ್ಳಿ. ಇಪ್ಪತ್ತು ನಿಮಿಷ.

ಕಾಯಿಲೆಯಿಂದ ಬರಲಾಗದ ಸದಸ್ಯರ ಪಟ್ಟಿಯನ್ನು ವಾರದ ಮೊದಲೇ ಮಾಡಿ, ಅವರ ಮನೆಗೆ ಹೋಗುವವರು ಯಾರೆಂದು ಹೆಸರು ಬರೆದಿಡಿ. ಹಬ್ಬದ ದಿನ ಬೆಳಿಗ್ಗೆಯೇ ರೊಟ್ಟಿ, ಸಿಹಿ, ಪ್ರಾರ್ಥನೆಯ ಹಾಳೆ ಅವರಿಗೆ ತಲುಪಲಿ. ಪರಮಪ್ರಸಾದ ಬೇಕಿದ್ದರೆ ಗುರುಗಳಿಗೆ ಅಥವಾ ಅದಕ್ಕೆ ನೇಮಕವಾದವರಿಗೆ ಮೊದಲೇ ತಿಳಿಸಬೇಕು.

ಬೇರೆ ಸ್ಥಾಪಕರ ಕುಟುಂಬದವರಾದರೆ

ಇದೇ ಹಾಳೆಯಲ್ಲಿ ಹೆಸರು ಬದಲಿಸಿ ಬಳಸಬೇಡಿ. ನಿಮ್ಮ ಸ್ಥಾಪಕರು ಏನು ಬಿಟ್ಟುಹೋಗಿದ್ದಾರೆ ನೋಡಿ. ಸಂತ ಡೊಮಿನಿಕ್ 1221ರ ಆಗಸ್ಟ್ 6ರಂದು ಬೊಲೊನ್ಯದಲ್ಲಿ ತೀರಿಕೊಳ್ಳುವಾಗ, ಅಳಬೇಡಿ, ಬದುಕಿದ್ದಕ್ಕಿಂತ ಸತ್ತ ಮೇಲೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತೇನೆ ಎಂದು ಸಹೋದರರಿಗೆ ಹೇಳಿದರು. ಆ ಮಾತಿನಿಂದ ಹುಟ್ಟಿದ "ಓ ಸ್ಪೆಮ್ ಮೀರಾಮ್" ಎಂಬ ಹಾಡನ್ನು ಡೊಮಿನಿಕನ್ನರು ಈಗಲೂ ಹಾಡುತ್ತಾರೆ. ಅವರ ಸಂಜೆ ಅದರ ಸುತ್ತ ಕಟ್ಟಬೇಕು.

ಯೇಸುಸಭೆಯ ಸ್ಥಾಪಕ ಸಂತ ಇಗ್ನಾಸಿಯವರ ಕಥೆ ಪೂರ್ತಿ ಬೇರೆ. 1556ರ ಜುಲೈ 31ರ ಮುಂಜಾನೆ ರೋಮಿನಲ್ಲಿ ಅವರು ಹೆಚ್ಚುಕಡಿಮೆ ಒಂಟಿಯಾಗಿ ಹೋದರು. ಹಿಂದಿನ ದಿನ ಪೋಪರ ಆಶೀರ್ವಾದ ತರಲು ಕೇಳಿದ್ದರು, ಕಾಗದಪತ್ರ ಕಳಿಸುವ ಕೆಲಸವಿದೆ ಎಂದು ಕಾರ್ಯದರ್ಶಿ ಅದನ್ನು ಮರುದಿನಕ್ಕೆ ಮುಂದೂಡಿದ್ದರು. ಅಲ್ಲಿ ಕೊನೆಯ ಗಳಿಗೆಯ ಕ್ರಮ ಹುಡುಕಿದರೆ ಸಿಗದು. ದಿನದ ಆತ್ಮಪರಿಶೀಲನೆ ಮತ್ತು "ಪ್ರಭುವೇ, ಎಲ್ಲವನ್ನೂ ಸ್ವೀಕರಿಸಿ" ಎನ್ನುವ ಅವರ ಅರ್ಪಣೆಯ ಪ್ರಾರ್ಥನೆ ಹಿಡಿದು ಹೋಗಿ.

ಕಾರ್ಮೆಲ್ ಸಭೆಯ ಶ್ರೀಸಾಮಾನ್ಯರಿಗೆ ತಾರೀಖಿನದ್ದೇ ಒಂದು ತಮಾಷೆ. ಆವಿಲದ ಸಂತ ತೆರೇಸ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಅದೇ ರಾತ್ರಿ ಪಂಚಾಂಗ ಬದಲಾಗಿ ಮರುದಿನ ಬೆಳಿಗ್ಗೆ ಅಕ್ಟೋಬರ್ 15 ಆಗಿತ್ತು, ಹಬ್ಬವೂ ಅಂದೇ. ಹಾಗಾಗಿ ಜಾಗರಣೆಯ ಪ್ರಾರ್ಥನೆಯನ್ನು 14ರ ಸಂಜೆಗೆ ಇಟ್ಟುಕೊಳ್ಳಿ. ಒಂದೇ ಚರ್ಚಿನಲ್ಲಿ ಫ್ರಾನ್ಸಿಸ್ಕನ್ನರೂ ಕಾರ್ಮೆಲೈಟರೂ ಇದ್ದರೆ ಮೇಣದಬತ್ತಿ, ರಟ್ಟಿನ ಬಿಲ್ಲೆ, ಟಾರ್ಚು, ಮರಳಿನ ಬಕೆಟ್ಟು ಎಲ್ಲ ಎರಡೂ ಕಡೆಗೆ ಆಗುತ್ತದೆ.